ಎರಡು ಕಣ್ಣಿಗೂ ಒಂದೇ ನಂಬರು

ಹದಿನೈದು ರೂಪಾಯಿ ಎಂದು ಬರೆದು ಹೊಡೆದು ಹಾಕಿದೆ, ಹನ್ನೆರಡೂ ಇದ್ದಿರಬಹುದು. ಸಂತೆಯಲ್ಲಿ ಬಾಷಾ ಮಾರುತ್ತಿದ್ದ ರೆಡಿಮೇಡ್ ಕನ್ನಡಕದ ಬೆಲೆ ಅದು, ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿ, ನಂಬರು ಬರೆದು, ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ ಕೊಡುತ್ತಿದ್ದ ಕನ್ನಡಕಕ್ಕೆ ನೂರಿಪ್ಪತ್ತರಿಂದ ನೂರೈವತ್ತು. ಇದನ್ನೂ ಪೂರ್ತಿ ನಂಬಬೇಡಿ. ಆಮೇಲಿನ ವರ್ಷಗಳ ಬೆಲೆ ಹಿಂದಕ್ಕೆ ಸರಿದು ಆ ವರ್ಷಗಳ ಮೇಲೆ ಕೂತಿರುವ ಸಾಧ್ಯತೆ ಇದೆ. ಬೆಲೆಗಿಂತ ಹೆಚ್ಚು ಸರಿಯಾಗಿ ನನಗೆ ನೆನಪಿರುವುದು ಶಿಡ್ಲಘಟ್ಟದ ಹೆಂಗಸರು ಅದನ್ನು ಅಳೆಯುತ್ತಿದ್ದ ರೀತಿ: ಬಾಷಾನ ಕನ್ನಡಕಕ್ಕೆ ಒಂದು ದಿನದ ಕೂಲಿ, ನಮ್ಮದಕ್ಕೆ ಹತ್ತು ದಿನದ ಕೂಲಿ.

ಆ ಒಂಬತ್ತು ದಿನಗಳ ಅಂತರದಲ್ಲಿ ಪಿಳ್ಳಮ್ಮ ಎಂಬಾಕೆಯ ಎಡಗಣ್ಣು ಹೋಯಿತು. ಹೋಯಿತು ಎಂಬುದು ನಿಜ. ನನ್ನಿಂದ ಹೋಯಿತೇ, ಹೇಗೂ ಹೋಗುವುದಿತ್ತೇ ಎಂಬುದು ಬೇರೆ ಪ್ರಶ್ನೆ. ಈ ಕೆಲಸಕ್ಕೆ ಹೊಸದಾಗಿ ಬಂದಿರುವ ನೀವು, ನಾನು ನಿವೃತ್ತನಾದ ಮೇಲೆ, ಅನುಭವ ಬರೆದುಕೊಡಿ ಎಂದಿರಿ. ನನ್ನಲ್ಲಿ ಹೇಳುವಂಥ ಅನುಭವ ಮುಖ್ಯವಾಗಿ ಇದೊಂದೇ. ಉಳಿದವು ಇದರ ಸುತ್ತ ಬರುತ್ತವೆ.

ಚಿಕ್ಕಬಳ್ಳಾಪುರದ ಪೇಟೆಯಲ್ಲಿ ಪದ್ಮನಾಭಯ್ಯನವರ ಕನ್ನಡಕದ ಅಂಗಡಿ. ಬೆಂಗಳೂರಿನಲ್ಲಿ ಎರಡು ವರ್ಷದ ಕೋರ್ಸು ಮುಗಿಸಿ ಅಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ. ಜನ ನನ್ನನ್ನು ಡಾಕ್ಟರು ಎನ್ನುತ್ತಿದ್ದರು, ನಾನು ಡಾಕ್ಟರಲ್ಲ ಎನ್ನುತ್ತಿದ್ದೆ, ಕೊನೆಗೆ 'ಕನ್ನಡಕದ ಮೇಷ್ಟ್ರು' ಎಂಬಲ್ಲಿ ರಾಜಿಯಾಯಿತು. ವಾರದಲ್ಲಿ ಮೂರು ದಿನ ಅಂಗಡಿ. ಉಳಿದ ಮೂರು ದಿನ ಒಂದೊಂದು ಊರು: ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು. ಒಂದೊಂದು ಊರಲ್ಲೂ ಯಾವುದಾದರೊಂದು ಅಂಗಡಿಯ ಹಿಂದಿನ ಅರ್ಧ ಕೋಣೆಯನ್ನು ಪದ್ಮನಾಭಯ್ಯನವರು ಗೊತ್ತು ಮಾಡಿದ್ದರು. ಗೋಡೆಗೆ ಚಾರ್ಟು ನೇತುಹಾಕಲು ಒಂದು ಮೊಳೆ ಇದ್ದರೆ ಸಾಕಿತ್ತು. ಪರೀಕ್ಷೆಯ ಗಾಜಿನ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದ ಮರದ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ. ಹೊಸ ಕಂಡಕ್ಟರಾದರೆ "ಏನ್ ಸಾರ್, ಹಾರ್ಮೋನಿಯಮ್ಮಾ?" ಎಂದು ಕೇಳುತ್ತಿದ್ದ. ಹೌದು ಎಂದರೆ ಲಗೇಜು ಟಿಕೆಟ್ಟು ಹರಿಯುತ್ತಿರಲಿಲ್ಲ. ಹಾಗಾಗಿ ಹೌದು ಎನ್ನುತ್ತಿದ್ದೆ.

ಪದ್ಮನಾಭಯ್ಯನವರ ಬಗ್ಗೆ ಕೆಟ್ಟದ್ದು ಬರೆಯಲು ನನಗೆ ಕಾರಣವಿಲ್ಲ. ಯಾರೇ ಹಳೆಯ ಕನ್ನಡಕ ಹಾಕಿಕೊಂಡು ಒಳಗೆ ಬರಲಿ, ಮಾತಿಗೆ ಮೊದಲು ಅದನ್ನು ಕೇಳಿ ಪಡೆದು, ತಮ್ಮ ಪಂಚೆಯ ತುದಿಯಿಂದ ಒರೆಸಿ ವಾಪಸು ಕೊಡುತ್ತಿದ್ದರು. ಅರ್ಧ ಜನರ ದೂರು ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅವರದೊಂದು ನಿಯಮವಿತ್ತು. ಬೋರ್ಡಿನ ಮೇಲೆ 'ಕಣ್ಣು ಪರೀಕ್ಷೆ ಉಚಿತ' ಎಂದಿತ್ತು. ಉಚಿತ ಎಂದರೆ ಕನ್ನಡಕ ಮಾಡಿಸುವವರಿಗೆ ಉಚಿತ. ಮಾಡಿಸುವುದಿಲ್ಲ ಎಂದು ಮುಂಚೆಯೇ ಗೊತ್ತಾದವರನ್ನು ಪರೀಕ್ಷೆಯ ಕುರ್ಚಿಗೆ ಕೂರಿಸುವಂತಿರಲಿಲ್ಲ.

"ಗಾಜು ಮಾರಕ್ಕೆ ಅಂಗ್ಡಿ ಇಟ್ಟಿರೋದು ಕಣಯ್ಯಾ, ಛತ್ರ ಅಲ್ಲ," ಎನ್ನುತ್ತಿದ್ದರು.

ಎಲ್ಲ ಅಂಗಡಿಗಳಲ್ಲೂ ಆಗ ಹೀಗೇ ಇತ್ತು ಎಂದುಕೊಂಡಿದ್ದೇನೆ. ನಾನು ಬೇರೆ ಅಂಗಡಿಯಲ್ಲಿ ಕೆಲಸ ಮಾಡಲಿಲ್ಲ. ನಿಯಮದಲ್ಲಿ ಏನು ತಪ್ಪಿದೆ ಎಂದು ಮೊದಲ ಕೆಲವು ವರ್ಷ ನನಗೆ ಹೊಳೆಯಲೂ ಇಲ್ಲ.

ಜನ ನಮ್ಮ ಬೆಲೆಯನ್ನು ಹೇಗೆ ನೋಡುತ್ತಿದ್ದರು ಎಂಬುದು ಚಿಂತಾಮಣಿಯಲ್ಲಿ ಗೊತ್ತಾಯಿತು. ನನ್ನ ಅರ್ಧ ಕೋಣೆಯ ಹಿಂದೆ ಒಂದು ವಠಾರವಿತ್ತು, ಆರೋ ಏಳೋ ಮನೆ. ಬಾವಿಯ ಪಕ್ಕದ ಕಂಬಕ್ಕೆ ಹೊಡೆದ ಮೊಳೆಯಲ್ಲಿ ಒಂದು ರೆಡಿಮೇಡ್ ಕನ್ನಡಕ ನೇತಾಡುತ್ತಿತ್ತು. ಅಕ್ಕಿ ಆರಿಸುವವರು, ಸೂಜಿಗೆ ದಾರ ಹಾಕುವವರು, ಮಗುವಿನ ಕಾಲಿನ ಮುಳ್ಳು ತೆಗೆಯುವವರು ಬಂದು ಅದನ್ನು ತೆಗೆದುಕೊಂಡು ಹಾಕಿಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಮೊಳೆಗೆ ಸಿಕ್ಕಿಸುತ್ತಿದ್ದರು. ಅಲ್ಲಿನ ಹಿರಿಯಾಕೆಗೆ ನಾನು ನಮ್ಮ ಕನ್ನಡಕದ ಗುಣವನ್ನು ವಿವರಿಸಿದೆ. ಇದು ನಿಮ್ಮ ಕಣ್ಣಿಗೆಂದೇ ಮಾಡಿದ್ದು, ಇನ್ನೊಬ್ಬರಿಗೆ ಹೊಂದುವುದೇ ಇಲ್ಲ ಎಂದೆ. ಅದೇ ಅದರ ಹೆಚ್ಚುಗಾರಿಕೆ ಎಂದು ನಾನು ತಿಳಿದಿದ್ದೆ.

"ನಂಗೊಬ್ಬಳಿಗೇ ಆಗೋದಾ?" ಎಂದಳು ಆಕೆ. "ಅಷ್ಟು ದುಡ್ಡು ಕೊಟ್ಟು ನಂಗೊಬ್ಬಳಿಗೇ ಯಾಕಪ್ಪಾ? ಸೊಸೆಗೆ ಬೇಡ್ವಾ? ಪಕ್ಕದ ಮನೆ ರತ್ನಮ್ಮಂಗೆ ಬೇಡ್ವಾ? ಅವಳು ನನ್ನ ಸುಮ್ನೆ ಬಿಡ್ತಾಳಾ?"

 

ಬಾಷಾನನ್ನು ನಾನು ಮೊದಲು ನೋಡಿದ್ದು ಗೌರಿಬಿದನೂರಿನ ಸಂತೆಯಲ್ಲಿ. ಮಡಿಸುವ ಮರದ ಹಲಗೆ, ಅದಕ್ಕೆ ರಬ್ಬರ್ ಪಟ್ಟಿಗಳು, ಪಟ್ಟಿಗಳಲ್ಲಿ ಕನ್ನಡಕಗಳು. ಮೇಲಿನ ಸಾಲು ನಲವತ್ತು ವಯಸ್ಸಿನವರದು, ಅದರ ಕೆಳಗೆ ನಲವತ್ತೈದು, ಹೀಗೆ ಅರವತ್ತರವರೆಗೆ. ಅವನು ಅವುಗಳನ್ನು ಕನ್ನಡಕ ಎನ್ನುತ್ತಲೇ ಇರಲಿಲ್ಲ, 'ಚಾಳೀಸು' ಎನ್ನುತ್ತಿದ್ದ. ವಯಸ್ಸು ಕೇಳಿ ಕನ್ನಡಕ ಕೊಡುವವನು ಎಂದು ನಾವೆಲ್ಲ ಅವನನ್ನು ಹಾಸ್ಯ ಮಾಡುತ್ತಿದ್ದೆವು. ಒಂದು ದಿನ ಕುತೂಹಲಕ್ಕೆ ಹಲಗೆಯ ಪಕ್ಕ ನಿಂತು ನೋಡಿದೆ. ವಯಸ್ಸು ಕೇಳಿದ ಮೇಲೆ ಅವನು ಇನ್ನೊಂದನ್ನೂ ಕೇಳುತ್ತಿದ್ದ: "ಏನ್ ಕೆಲಸ?" ಕೇಳಿ, ಕೆಲಸ ಮಾಡುವ ಹಾಗೆ ಕೈ ಹಿಡಿಯಲು ಹೇಳುತ್ತಿದ್ದ. ಬೀಡಿ ಕಟ್ಟುವವನು ಎದೆಯ ಹತ್ತಿರ ಹಿಡಿದ. ಮಗ್ಗದವನು ಕೈ ಚಾಚಿದ. ಅದಕ್ಕೆ ತಕ್ಕಂತೆ ಮೇಲಿನ ಸಾಲಿನದೋ ಕೆಳಗಿನ ಸಾಲಿನದೋ ತೆಗೆದು ಕೊಟ್ಟ.

"ಏನ್ ಮೇಷ್ಟ್ರೇ, ನಮ್ಮ ಕಾಲೇಜಿಗೆ ಅಡ್ಮಿಷನ್ ಬೇಕಾ?" ಎಂದ ನನ್ನ ಕಡೆ ತಿರುಗಿ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಆದರೆ ಕಲಿಯಬೇಕಾದುದನ್ನು ಆ ದಿನ ಕಲಿಯಲಿಲ್ಲ. ಕಲಿತಿದ್ದು ಪಿಳ್ಳಮ್ಮನಿಂದ.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಘಟಕಗಳು ಬೀದಿಗೊಂದಿದ್ದವು. ಅಲ್ಲಿ ಎಲ್ಲರೂ ಅವನ್ನು ಫಿಲೇಚರ್ ಎನ್ನುತ್ತಾರೆ. ಪಿಳ್ಳಮ್ಮ ಅಂಥದೊಂದರಲ್ಲಿ ನೂಲು ತೆಗೆಯುವವಳು. ನಲವತ್ತೇಳೋ ನಲವತ್ತೆಂಟೋ ವಯಸ್ಸು, ಬಿಸಿನೀರಿನಲ್ಲಿ ಬೆಂದು ಬಿಳಚಿಕೊಂಡ ಬೆರಳುಗಳು, ದೊಡ್ಡ ದನಿ. ಗೂಡಿನ ಎಳೆ ಕಾಣದೆ ದಿನಕ್ಕೆ ನಾಲ್ಕು ಸಲ ಯಜಮಾನನಿಂದ ಬೈಸಿಕೊಳ್ಳುತ್ತೇನೆ, ಹೀಗೇ ಆದರೆ ಬಿಸಿನೀರಿನ ಬೇಸಿನ್ನಿನಿಂದ ಎಬ್ಬಿಸಿ ಗೂಡು ಆರಿಸಲು ಕೂರಿಸುತ್ತಾನೆ, ಅದಕ್ಕೆ ಅರ್ಧ ಕೂಲಿ ಎಂದಳು. ಬಾಷಾನ ಚಾಳೀಸು ಬೇಡ, ಒಳ್ಳೆಯದೇ ಇರಲಿ ಎಂದು ಹತ್ತು ದಿನದ ಕೂಲಿ ಜೋಡಿಸಿಕೊಂಡು ಬಂದಿದ್ದಳು. ಪರೀಕ್ಷೆ ಮಾಡಿದೆ, ಓದುವ ದೂರದಲ್ಲಿ ಕಾರ್ಡು ಹಿಡಿಸಿದೆ. ಅಕ್ಷರ ಬಾರದವರಿಗೆಂದು ಚಿಕ್ಕ ಚಿಕ್ಕ ಉಂಗುರಗಳಿದ್ದ ಕಾರ್ಡು. ಎಲ್ಲ ಉಂಗುರಗಳ ಬಾಯಿ ಯಾವ ಕಡೆಗಿದೆ ಎಂದು ಸರಿಯಾಗಿ ಹೇಳಿದಳು. ಎರಡರ ನಂಬರು ಬರೆದೆ.

ಎರಡು ವಾರ ಬಿಟ್ಟು, ಕನ್ನಡಕವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು. ಸರದಿಯಲ್ಲಿ ನಿಲ್ಲಲಿಲ್ಲ.

"ಸಾರ್, ಕನ್ನಡ್ಕ ಚೆನ್ನಾಗೈತೆ. ನನ್ನ ಅಂಗೈ ಗೆರೆಯೆಲ್ಲಾ ಕಾಣ್ತವೆ. ಹಣೆಬರ ಓದ್ಕೋಬೋದು. ಎಳೆ ಮಾತ್ರ ಕಾಣಲ್ಲ."

"ಸ್ವಲ್ಪ ಹತ್ತಿರದಿಂದ ನೋಡ್ಬೇಕಮ್ಮ."

"ಹತ್ರದಿಂದ ನೋಡಕ್ಕೆ ಅದೇನು ಮಲ್ಲಿಗೆ ಹೂವಾ? ಕೊತ ಕೊತ ಕುದಿಯೋ ನೀರು ಸಾಮಿ. ನೀವೇ ಬಂದು ಮುಖ ಇಟ್ಟು ತೋರಿಸಿ, ಆಮೇಲೆ ನಾನಿಡ್ತೀನಿ."

ಸರದಿಯಲ್ಲಿ ನಿಂತವರೆಲ್ಲ ನಕ್ಕರು. ಮಧ್ಯಾಹ್ನ ನಾನು ಆ ಫಿಲೇಚರ್‌ಗೆ ಹೋದೆ. ಬೆಂದ ಹುಳುವಿನ ವಾಸನೆ, ಹಬೆ. ಒಳಗೆ ಕಾಲಿಟ್ಟ ಕೂಡಲೇ ನನ್ನ ಕನ್ನಡಕವೇ ಮಂಜಾಗಿ ಏನೂ ಕಾಣಲಿಲ್ಲ. ಹೆಂಗಸರು ಬಿಸಿನೀರಿನ ಬೇಸಿನ್ನಿನ ಮುಂದೆ ನೆಟ್ಟಗೆ ಕೂತು, ಕೈ ಚಾಚಿ, ಮುಗಿದ ಗೂಡಿನ ಜಾಗಕ್ಕೆ ಹೊಸ ಗೂಡಿನ ಎಳೆಯನ್ನು ಎಸೆಯುತ್ತಿದ್ದರು. ದರ್ಜಿಯಿಂದ ತಂದಿದ್ದ ಟೇಪಿನಿಂದ ಪಿಳ್ಳಮ್ಮನ ಕಣ್ಣಿಗೂ ನೀರಿಗೂ ಇರುವ ದೂರ ಅಳೆದೆ. ಎರಡಡಿಗಿಂತ ಒಂದಿಷ್ಟು ಹೆಚ್ಚು. ನಾನು ಕೊಟ್ಟಿದ್ದ ನಂಬರು ಅದರ ಅರ್ಧ ದೂರಕ್ಕೆ. ಪುಸ್ತಕ ಓದದ ಹೆಂಗಸಿಗೆ ಪುಸ್ತಕದ ಕನ್ನಡಕ ಮಾಡಿಕೊಟ್ಟಿದ್ದೆ. ಒಂದರ ನಂಬರು ಸಾಕಾಗಿತ್ತು.

ಗಾಜು ಬದಲಾಯಿಸಿ ಕೊಡೋಣ ಎಂದು ಪದ್ಮನಾಭಯ್ಯನವರನ್ನು ಕೇಳಿದೆ.

"ನೀನು ಬರೆದ ನಂಬರು ಪುಸ್ತಕದ ಪ್ರಕಾರ ಸರಿನಾ?"

"ಸರಿ."

"ಉಜ್ಜಿದ್ದು ಸರಿನಾ?"

"ಸರಿ."

"ಮತ್ತೆ ತಪ್ಪು ಎಲ್ಲೈತಯ್ಯಾ, ನಾನು ಗಾಜು ಬದಲಾಯ್ಸಕ್ಕೆ?"

ನನ್ನ ಸಂಬಳದಿಂದ ಬದಲಾಯಿಸಿಕೊಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ. ಬದಲಾಯಿಸಿಕೊಡಲಿಲ್ಲ. ಮುಂದಿನ ವಾರ ಪಿಳ್ಳಮ್ಮ ಶಿಡ್ಲಘಟ್ಟದ ಸಂತೆಯಲ್ಲಿ ಬಾಷಾನ ಹಲಗೆಯ ಮುಂದೆ ನಿಂತು ಕೈ ಚಾಚಿ ತೋರಿಸಿ, ಮೇಲಿನ ಸಾಲಿನದೊಂದನ್ನು ಕೊಂಡಳು. ಎಳೆ ಕಾಣತೊಡಗಿತು. ಬೇಸಿನ್ನಿನ ಕೆಲಸ ಉಳಿಯಿತು. ನಾನು ಮಾಡಿಕೊಟ್ಟದ್ದನ್ನು ಅವಳ ಮಗಳು ಹೊಲಿಗೆಗೆ ಇಟ್ಟುಕೊಂಡಳಂತೆ.

ಅಂದಿನಿಂದ ಟೇಪು ನನ್ನ ಪೆಟ್ಟಿಗೆಯಲ್ಲಿ ಕಾಯಂ ಆಯಿತು. ಯಾರೇ ಕುರ್ಚಿಯಲ್ಲಿ ಕೂರಲಿ, ಮೊದಲು ಕೆಲಸ ಕೇಳಿ, ಕೈ ಹಿಡಿಸಿ, ದೂರ ಅಳೆದು ಆಮೇಲೆ ನಂಬರು. ಇದನ್ನು ನೀವು ಕಾಲೇಜಿನಲ್ಲೇ ಕಲಿತು ಬರುತ್ತೀರಿ. ನನಗೆ ಹೇಳಿಕೊಟ್ಟವರು ಒಬ್ಬ ಸಂತೆಯ ವ್ಯಾಪಾರಿ ಮತ್ತು ನೂಲು ತೆಗೆಯುವ ಒಬ್ಬ ಹೆಂಗಸು, ಅಷ್ಟೇ ವ್ಯತ್ಯಾಸ. ಇಷ್ಟಕ್ಕೇ ನಿಲ್ಲಿಸಿದರೆ ಇದು ಒಳ್ಳೆಯ ಅನುಭವ ಕಥನ. ಹಲವು ವರ್ಷ ಇದನ್ನು ಇಷ್ಟಕ್ಕೇ ನಿಲ್ಲಿಸಿ ಹೇಳುತ್ತಿದ್ದೆ ಕೂಡ.

ಇದಾದ ಮೇಲೆ ನನ್ನಲ್ಲಿ ಒಂದು ಬದಲಾವಣೆ ಬಂತು. ಅದನ್ನು ಪ್ರಾಮಾಣಿಕತೆ ಎಂದುಕೊಂಡಿದ್ದೆ. ಐವತ್ತರ ಆಸುಪಾಸಿನ ಕೂಲಿ ಹೆಂಗಸು ಹತ್ತಿರದ್ದು ಕಾಣುವುದಿಲ್ಲ ಎಂದು ಬಂದರೆ, ಪದ್ಮನಾಭಯ್ಯನವರು ಅಲ್ಲಿಲ್ಲದ ಧೈರ್ಯದಲ್ಲಿ, "ನಿಮಗೆ ಬಾಷಾನ ಚಾಳೀಸೇ ಸಾಕು, ಇಲ್ಲಿ ದುಡ್ಡು ದಂಡ ಮಾಡ್ಬೇಡಿ" ಎಂದು ಹೇಳಿ ಕಳಿಸುತ್ತಿದ್ದೆ. ಹಾಗೆ ಹೇಳುವಾಗ ನನ್ನ ಬಗ್ಗೆ ನನಗೆ ಒಳ್ಳೆಯದೆನಿಸುತ್ತಿತ್ತು. ಅವರು ಕೊಳ್ಳುವವರಲ್ಲವಾದ್ದರಿಂದ ಕುರ್ಚಿಗೆ ಕೂರಿಸುತ್ತಿರಲಿಲ್ಲ. ನಿಯಮವನ್ನೂ ಮುರಿಯಲಿಲ್ಲ, ಅವರ ಹಣವನ್ನೂ ಉಳಿಸಿದೆ ಎಂದು ಲೆಕ್ಕ.

ಪಿಳ್ಳಮ್ಮ ಮತ್ತೆ ಬಂದದ್ದು ಯಾವಾಗ? ಎರಡು ವರ್ಷದ ನಂತರವೋ, ಮೂರೋ. ಆ ಭೇಟಿಗೆ ಯಾವ ದಾಖಲೆಯೂ ಇಲ್ಲ, ಏಕೆಂದರೆ ಆರ್ಡರು ಕೊಟ್ಟವರ ಹೆಸರು ಮಾತ್ರ ಪುಸ್ತಕ ಸೇರುತ್ತಿತ್ತು. ಅವಳು ಹೇಳಿದ ಮಾತು ಮಾತ್ರ ನೆನಪಿದೆ, ಅಥವಾ ನೆನಪಿದೆ ಎಂದು ನಂಬಿದ್ದೇನೆ.

"ಸಾರ್, ಈಗ ಎಡಗಡೆ ಎಳೆ ತಪ್ಪಿ ಹೋಗ್ತಾವೆ. ಬಲಗಡೆವೆಲ್ಲಾ ಸಿಗ್ತಾವೆ. ಎಡಗಡೇದು ಕಡಿದು ಹೋದ್ರೂ ಗೊತ್ತಾಗಲ್ಲ. ಯಜಮಾನ ಮತ್ತೆ ಶುರು ಹಚ್ಕೊಂಡವ್ನೆ. ನಂಬರ್ ಏರೈತೇನೋ?"

ನಾನು ಏನು ಮಾಡಿದೆ ಎಂಬುದಕ್ಕೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ, ಪೆಟ್ಟಿಗೆಯಿಂದ ಒಂದೂವರೆಯ ಎರಡು ಬಿಲ್ಲೆ ತೆಗೆದು, ನಿಂತಿದ್ದ ಹಾಗೆಯೇ ಅವಳ ಎರಡೂ ಕಣ್ಣಿನ ಮುಂದೆ ಹಿಡಿದೆ, ಅವಳು ಕೈ ಚಾಚಿ ಬೆರಳ ತುದಿ ನೋಡಿ "ಪರವಾಗಿಲ್ಲ" ಎಂದಳು. ಇನ್ನೊಂದರಲ್ಲಿ, ನಾನು ಬೇರೆಯವರ ಫ್ರೇಮು ಬಿಗಿ ಮಾಡುತ್ತಿದ್ದೆ, ತಲೆಯೆತ್ತದೆ ಹೇಳಿದೆ. ಮೊದಲನೆಯದನ್ನು ನಾನೇ ಆಮೇಲೆ ಕಟ್ಟಿಕೊಂಡಿರಬಹುದು, ಎರಡನೆಯದನ್ನು ನನ್ನನ್ನು ಶಿಕ್ಷಿಸಿಕೊಳ್ಳಲು ಕಟ್ಟಿಕೊಂಡಿರಬಹುದು. ಎರಡರಲ್ಲೂ ಕೊನೆಯ ಮಾತು ಒಂದೇ:

"ವಯಸ್ಸಾಗ್ತಾ ನಂಬರು ಏರುತ್ತೆ ಪಿಳ್ಳಮ್ಮ. ಬಾಷಾ ಹತ್ರ ಒಂದೂವರೇದು ತಗೊಳ್ಳಿ. ಇಲ್ಲಿ ಮಾಡಿಸಿ ದಂಡ ತೆರಬೇಡಿ."

"ನೀವು ಹೇಳಿದ್ಮೇಲೆ ಮುಗೀತು ಬಿಡಿ," ಎಂದು ಹೋದಳು.

ಒಂದು ಕಡೆಯ ಎಳೆ ಮಾತ್ರ ಕಾಣುವುದಿಲ್ಲ ಎಂದರೆ ಅದು ವಯಸ್ಸಿನ ದೂರಲ್ಲ. ವಯಸ್ಸು ಎರಡೂ ಕಡೆಗೆ ಬರುತ್ತದೆ. ಇದು ಮೊದಲ ವರ್ಷದ ಪಾಠ. ಒಂದು ಕಣ್ಣು ಮುಚ್ಚಿಸಿ ಇನ್ನೊಂದನ್ನು ಕೇಳಲು ಅರ್ಧ ನಿಮಿಷ ಬೇಕು, ಒಂದು ಅಂಗೈ ಬೇಕು. ಹಾಗೆ ಮಾಡಲಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆಮೇಲಿನದು, ಸುಮಾರು ಒಂದು ವರ್ಷ ಕಳೆದ ಮೇಲೆ, ಮಂಡಿಕಲ್ಲಿನಲ್ಲಿ, ಶಾಲೆಯೊಂದರಲ್ಲಿ ನಡೆದ ಕಣ್ಣಿನ ತಪಾಸಣೆ ಶಿಬಿರ. ಬೆಂಗಳೂರಿನಿಂದ ಒಬ್ಬ ಯುವ ಡಾಕ್ಟರಮ್ಮ ಬಂದಿದ್ದರು. ಹತ್ತಿರದ ಕನ್ನಡಕ ನೋಡಿ ಕೊಡಲು ಮತ್ತು ಕಾರ್ಡು ಬರೆಯಲು ನನ್ನನ್ನು ಕರೆದಿದ್ದರು. ಆ ಕಡೆಯ ಹಳ್ಳಿಯೇ ಪಿಳ್ಳಮ್ಮನ ತವರು. ಪೊರೆ ಬಂದಿದ್ದ ತಾಯಿಯನ್ನು ಕೈಹಿಡಿದು ಕರೆತಂದಿದ್ದಳು. ನನ್ನನ್ನು ನೋಡಿ, "ಓ, ನಮ್ ಮೇಷ್ಟ್ರು!" ಎಂದು ಅಲ್ಲಿಂದಲೇ ಕೂಗಿ, ತಾಯಿಗೆ ನನ್ನ ಪರಿಚಯ ಹೇಳುತ್ತಾ ಬರುವಾಗ, ಎಡಗಡೆ ಇದ್ದ ಬೆಂಚಿಗೆ ಮೊಣಕಾಲು ಹೊಡೆದುಕೊಂಡಳು. ಬೆಂಚಿಗೆ ಬೈದಳು. ಡಾಕ್ಟರಮ್ಮ ಅದನ್ನು ನೋಡಿದರು. ತಾಯಿಯನ್ನು ನೋಡಿ ಮುಗಿಸಿದ ಮೇಲೆ "ನೀವೂ ಕೂತ್ಕೊಳ್ಳಿ" ಎಂದರು.

"ನಂಗೇನಾಗೈತಮ್ಮಾ? ನಂಗೆ ಚಾಳೀಸು ಐತೆ."

"ಇರಲಿ, ಕೂತ್ಕೊಳ್ಳಿ. ಬಲಗಣ್ಣು ಮುಚ್ಚಿ. ಇದು ಎಷ್ಟು ಬೆರಳು?"

"ಎಲ್ಲಿ ತೋರಿಸಿದ್ದೀರ? ತೋರಿಸಿ, ಹೇಳ್ತೀನಿ."

ಡಾಕ್ಟರಮ್ಮನ ಎರಡು ಬೆರಳು ಅವಳ ಮುಖದ ಮುಂದೆ ಒಂದಡಿ ದೂರದಲ್ಲಿದ್ದವು. ಪಿಳ್ಳಮ್ಮ ಬಲಗಣ್ಣಿನ ಮೇಲಿನ ಕೈ ತೆಗೆದು ಬೆರಳುಗಳನ್ನು ನೋಡಿದಳು. ಮತ್ತೆ ಮುಚ್ಚಿದಳು. ಮತ್ತೆ ತೆಗೆದಳು. ಮೂರು ನಾಲ್ಕು ಸಲ ಹಾಗೆ ಮಾಡಿದಳು. 

"ಎಷ್ಟು ದಿನದಿಂದ ಕಾಣ್ತಿಲ್ಲ?"

"ಕಾಣ್ತಿತ್ತಲ್ಲಮ್ಮಾ. ಎರಡೂ ಬಿಟ್ರೆ ಕಾಣ್ತದೆ."

"ಮುಂಚೆ ಯಾರಿಗಾದ್ರೂ ತೋರಿಸಿದ್ರಾ?"

ಪಿಳ್ಳಮ್ಮ ಗಲ್ಲದಿಂದ ನನ್ನ ಕಡೆ ತೋರಿಸಿದಳು. "ಇವ್ರ ಹತ್ರಾನೇ ಹೋಗಿದ್ದೆ. ಒಳ್ಳೇವ್ರಮ್ಮ. ಕನ್ನಡ್ಕ ಮಾಡಿಸಿ ದುಡ್ಡು ಹಾಳ್ ಮಾಡ್ಬೇಡ ಅಂದ್ರು. ಬೇರೆ ಯಾರು ಹಂಗೆ ಹೇಳ್ತಾರೆ?"

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಡಾಕ್ಟರಮ್ಮ ನನ್ನ ಕಡೆ ನೋಡಿದರು. ನರ ತೋರಿಸುವ ಪುಟ್ಟ ದೀಪ ಹಿಡಿದು ಕಣ್ಣಿನೊಳಗೆ ನೋಡಿ, ಹೇಳುತ್ತಾ ಹೋದರು, ನಾನು ಕಾರ್ಡಿನಲ್ಲಿ ಬರೆಯುತ್ತಾ ಹೋದೆ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಒಣಗುವ ಕಾಯಿಲೆ. ಎಡಗಣ್ಣಿನ ನರ ಒಣಗಿದೆ, ವಾಪಸು ಬರುವುದಿಲ್ಲ. ಬಲಗಣ್ಣಿಗೂ ಶುರುವಾಗಿದೆ, ಬೆಂಗಳೂರಿಗೆ ಬಂದು ತೋರಿಸಬೇಕು, ಬದುಕಿರುವವರೆಗೂ ದಿನಕ್ಕೆ ಎರಡು ಸಲ ಹನಿ ಹಾಕಬೇಕು. ನನ್ನ ಅಕ್ಷರ ಆ ಕಾರ್ಡಿನಲ್ಲಿ ಚೆನ್ನಾಗಿಯೇ ಬಂದಿತ್ತು.

ಊಟದ ಹೊತ್ತಿನಲ್ಲಿ ಡಾಕ್ಟರಮ್ಮನನ್ನು ಕೇಳಿದೆ: ಒಂದು ವರ್ಷದ ಹಿಂದೆ ಅವಳು ಬಂದಾಗ ನಾನು ಒಂದೊಂದೇ ಕಣ್ಣು ನೋಡಿದ್ದರೆ ಸಿಗುತ್ತಿತ್ತೇ?

"ಸಿಗ್ತಿತ್ತೋ ಏನೋ. ಸಿಗದೇನೂ ಇರಬಹುದು," ಎಂದರು. "ಇದು ಅಂಚಿನಿಂದ ತಿನ್ನುತ್ತಾ ಬರುತ್ತೆ. ನಡುವಿನ ಅಕ್ಷರ ಕೊನೇವರೆಗೂ ಓದ್ತಾರೆ. ಆದರೆ ಎಡಗಡೆ ಕಾಣಲ್ಲ ಅಂತ ಅವರೇ ಹೇಳಿದ್ರು ಅಂತೀರಲ್ಲ." ಅಷ್ಟಕ್ಕೆ ನಿಲ್ಲಿಸಿ ಮಜ್ಜಿಗೆ ಹಾಕಿಸಿಕೊಂಡರು.

ಮರುದಿನ ಪದ್ಮನಾಭಯ್ಯನವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಕೊಳ್ಳದವರನ್ನೂ ಕುರ್ಚಿಗೆ ಕೂರಿಸುತ್ತೇನೆ, ಇಲ್ಲವಾದರೆ ಕೆಲಸ ಬಿಡುತ್ತೇನೆ ಎಂದೆ. ಅವರು ಪಂಚೆಯ ತುದಿಯಿಂದ ತಮ್ಮ ಕನ್ನಡಕವನ್ನೇ ಬಹಳ ಹೊತ್ತು ಒರೆಸಿದರು.

"ಪುಕ್ಸಟ್ಟೆ ಅಂದ್ರೆ ಯಾರಿಗೂ ಬೆಲೆ ಇರಲ್ಲ ಕಣಯ್ಯಾ," ಎಂದರು. "ಪರೀಕ್ಷೆಗೆ ಐದು ರೂಪಾಯಿ ಅಂತ ಬರೆಸು. ಕನ್ನಡಕ ಮಾಡಿಸ್ಲಿ, ಬಿಡ್ಲಿ."

ಹೀಗೆ ನಮ್ಮ ಅಂಗಡಿಯಲ್ಲಿ ಕಣ್ಣಿಗೂ ಗಾಜಿಗೂ ಬೇರೆ ಬೇರೆ ಬೆಲೆ ಬಂತು. ಬೋರ್ಡು ಬದಲಾದ ಮೇಲೆ ಜನ ಬೈದರು, ಮುಂಚೆ ಫ್ರೀ ಇತ್ತು, ದುರಾಸೆ ಎಂದರು. ಬಾಷಾನಿಗೆ ಮಾತ್ರ ಇದು ತಕ್ಷಣ ಅರ್ಥವಾಯಿತು. ಪಿಳ್ಳಮ್ಮನ ಸುದ್ದಿ ಕೇಳಿದ ದಿನ ಅವನು ಹಲಗೆ ಮಡಿಸಿ ಬೇಗ ಮನೆಗೆ ಹೋದ. ಮುಂದಿನ ಸಂತೆಯಿಂದ, ಕೈ ಚಾಚಿಸುವ ಮೊದಲು ಒಂದು ಕಣ್ಣು ಮುಚ್ಚಿಸಿ ತನ್ನ ಬೀಡಿ ಕಟ್ಟನ್ನು ತೋರಿಸುವುದು ಅವನ ಪದ್ಧತಿಯಾಯಿತು. ಒಂದು ಕಣ್ಣಿಗೆ ಕಾಣುವುದಿಲ್ಲ ಎಂದರೆ ಚಾಳೀಸು ಕೊಡುತ್ತಿರಲಿಲ್ಲ. "ಮೊದ್ಲು ಮೇಷ್ಟ್ರ ಹತ್ರ ಐದು ರೂಪಾಯಿ ಕೊಟ್ಟು ಬಾ ಹೋಗಮ್ಮಾ, ನನ್ನ ಅಂಗಡಿ ಎಲ್ಲೂ ಓಡಿ ಹೋಗಲ್ಲ" ಎನ್ನುತ್ತಿದ್ದ. ಹಾಗೆ ಅವನು ಕಳಿಸಿದವರಲ್ಲಿ ಇಬ್ಬರಿಗೆ ಇದೇ ಕಾಯಿಲೆ ಸಿಕ್ಕಿತು. ಇಬ್ಬರೋ ಮೂವರೋ. ಅವರಿಗೆ ಕಣ್ಣು ಉಳಿಯಿತು ಎಂದು ಕೇಳಿದ್ದೇನೆ.

ಪಿಳ್ಳಮ್ಮ ಬೆಂಗಳೂರಿಗೆ ಒಂದು ಸಲ ಹೋಗಿ ಬಂದಳು. ಹನಿಯ ಸೀಸೆ ತಿಂಗಳಿಗೊಂದು ಬೇಕು. ಶಿಡ್ಲಘಟ್ಟದಲ್ಲಿ ಆಗ ಸಿಗುತ್ತಿರಲಿಲ್ಲ, ನಾನು ಚಿಕ್ಕಬಳ್ಳಾಪುರದಿಂದ ಒಯ್ದು ಕೊಡುತ್ತಿದ್ದೆ. ಫಿಲೇಚರ್‌ನಲ್ಲಿ ಅವಳು ಜಾಗ ಬದಲಾಯಿಸಿಕೊಂಡಿದ್ದಳು. ಎಡಕ್ಕೆ ಗೋಡೆ ಬರುವಂತೆ, ಸಾಲಿನ ಕೊನೆಯ ಬೇಸಿನ್ನು. ಎಳೆಗಳೆಲ್ಲ ಎದುರಿಗೆ ಬರುವಂತೆ ತಾನೇ ಸ್ವಲ್ಪ ವಾರೆಯಾಗಿ ಕೂರುತ್ತಿದ್ದಳು.

ಒಮ್ಮೆ, ಸೀಸೆ ಕೊಡುವಾಗ, ನಾನು ಹೇಳಿದೆ. ಆ ದಿನ ನಿಮ್ಮನ್ನು ಕೂರಿಸಿ ನೋಡಬೇಕಿತ್ತು ಪಿಳ್ಳಮ್ಮ, ತಪ್ಪು ನನ್ನದು ಎಂದೆ.

ಅವಳು ಎಳೆಯಿಂದ ಕಣ್ಣು ತೆಗೆಯಲಿಲ್ಲ. "ಯಾವ ದಿನ?" ಎಂದಳು.

ನಾನು ಹೇಳಿದೆ. ಎಡಗಡೆ ಎಳೆ ಕಾಣಲ್ಲ ಅಂತ ಬಂದಿದ್ದಿರಲ್ಲ, ಆ ದಿನ.

"ಅದಾ?" ಎಂದಳು. ಹೊಸ ಗೂಡಿನ ಎಳೆಯೊಂದನ್ನು ಎಸೆದು, "ಈ ಸಾಲಿನಾಗೆ ಸುಶೀಲನೂ ಕೂತವ್ಳೆ, ಅವಳಿಗೂ ಐವತ್ತಾಯ್ತು. ಅವಳ್ದು ನೋಡಿ ಹೋಗಿ. ಅವ್ಳು ಐದು ರೂಪಾಯಿ ಕೊಡಲ್ಲ, ಜಿಪುಣಿ. ಸುಮ್ನೆ ನೋಡಿ," ಎಂದಳು.

ಹಬೆಯಲ್ಲಿ ನಿಂತು ಸುಶೀಲಳ ಕಣ್ಣನ್ನು ಒಂದೊಂದಾಗಿ ಮುಚ್ಚಿಸಿ ನೋಡಿದೆ. ಆಮೇಲೆ ಆ ಸಾಲಿನವರದೆಲ್ಲ. ಯಜಮಾನ ಬಾಗಿಲಲ್ಲಿ ನಿಂತು, ನೂಲು ಕಡಿಯುತ್ತಿದೆ, ಬೇಗ ಮುಗಿಸಿ ಎನ್ನುತ್ತಿದ್ದ.

ತೊಂಬತ್ತರ ದಶಕದಲ್ಲಿ ಬಹಳ ಬದಲಾಯಿತು. ಗಾಜಿನ ಬದಲು ಪ್ಲಾಸ್ಟಿಕ್ ಬಂತು. ಚಿಕ್ಕಬಳ್ಳಾಪುರಕ್ಕೆ ಕಂಪ್ಯೂಟರ್ ಪರೀಕ್ಷೆ ಬಂದು, ಜನ ಗಲ್ಲವನ್ನು ಮೆಷಿನ್ನಿನ ಮೇಲೆ ಇಟ್ಟು, 'ಫೋಟೋ ಯಾವಾಗ ಕೊಡ್ತೀರ' ಎಂದು ಕೇಳುತ್ತಿದ್ದರು. ಮೆಷಿನ್ನು ಎರಡು ಕಣ್ಣನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ, ಸರದಿ ಎಷ್ಟು ಉದ್ದವಿದೆ ಎಂಬುದು ಮೆಷಿನ್ನಿಗೆ ತಿಳಿಯುವುದಿಲ್ಲ. ಆ ಹೊತ್ತಿಗೆ ಪಿಳ್ಳಮ್ಮ ಶಿಡ್ಲಘಟ್ಟದಲ್ಲಿರಲಿಲ್ಲ. ಫಿಲೇಚರ್ ಮಾಲೀಕ ಬದಲಾದಾಗ ಹಳಬರನ್ನು ಬಿಡಿಸಿದರು. ಅವಳು ಹಿಂದೂಪುರದ ಕಡೆ ಮಗಳ ಊರಿಗೆ ಹೋದಳೆಂದು ಸುಶೀಲ ಹೇಳಿದಳು. ಕೊನೆಯ ಸೀಸೆ ನನ್ನ ಪೆಟ್ಟಿಗೆಯಲ್ಲಿ ಅವಧಿ ಮುಗಿಯುವವರೆಗೂ ಉಳಿಯಿತು. ಊರಿನ ಹೆಸರು ಸುಶೀಲಳಿಗೆ ಗೊತ್ತಿರಲಿಲ್ಲ. ಹಿಂದೂಪುರದ ಔಷಧಿ ಅಂಗಡಿಗಳಲ್ಲಿ ಎರಡು ಸಲ ವಿಚಾರಿಸಿದೆ, ಅಷ್ಟೇ. ಮೂರನೆಯ ಸಲ ಹೋಗಲಿಲ್ಲ.

ಪದ್ಮನಾಭಯ್ಯನವರು ಅಂಗಡಿ ಮುಚ್ಚಿದಾಗ ಹಳೆಯ ಆರ್ಡರು ಪುಸ್ತಕಗಳನ್ನು ರದ್ದಿಗೆ ಹಾಕುವ ಮೊದಲು ನೋಡಲು ಕೇಳಿದೆ. ಪಿಳ್ಳಮ್ಮ ಮೊದಲ ಸಲ ಬಂದ ದಿನದ ಪುಟ ಸಿಕ್ಕಿತು, ಹತ್ತು ದಿನದ ಕೂಲಿ ಕೊಟ್ಟು ಕುರ್ಚಿಯಲ್ಲಿ ಕೂತ ದಿನದ್ದು. ಅದನ್ನು ಹರಿದು ಇಟ್ಟುಕೊಂಡೆ. ಹೆಸರು, ಊರು. ಬಲಗಣ್ಣಿನ ಮುಂದೆ ಎರಡರ ನಂಬರು, ಮತ್ತು ಚಾರ್ಟಿನಲ್ಲಿ ಎಷ್ಟನೆಯ ಸಾಲಿನವರೆಗೆ ಕಂಡಿತು ಎಂಬುದು. ಎಡಗಣ್ಣಿನ ಮುಂದೆ 'ಅದೇ' ಎಂದಿದೆ. ಅಕ್ಷರ ನನ್ನದು. ಆ ಪುಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರುಗಳಿವೆ, ಸಂತೆಯ ದಿನವಿರಬೇಕು. ಅವುಗಳಲ್ಲಿ ಹದಿನೇಳು ಹೆಸರಿನ ಎಡಗಣ್ಣಿಗೆ 'ಅದೇ' ಎಂದಿದೆ.

ಅಷ್ಟೊಂದು ಜನರಿಗೆ ಎರಡು ಕಣ್ಣೂ ಒಂದೇ ಇರುವುದಿಲ್ಲ. ಸರದಿ ಉದ್ದವಿದ್ದ ದಿನಗಳಲ್ಲಿ ಬಲಗಣ್ಣು ನೋಡಿ ಎಡಕ್ಕೆ 'ಅದೇ' ಎಂದು ಬರೆದು ಮುಂದಿನವರನ್ನು ಕರೆಯುತ್ತಿದ್ದೆ. ಕೆಲವರಿಗೆ ನಿಜವಾಗಿ ನೋಡಿ, ಒಂದೇ ಇದ್ದುದರಿಂದ ಹಾಗೆ ಬರೆದಿದ್ದೇನೆ. ಪುಟದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಪಿಳ್ಳಮ್ಮನ 'ಅದೇ' ಯಾವ ಬಗೆಯದು ಎಂದು ಆ ಪುಟವನ್ನು ಬಹಳ ಸಲ ನೋಡಿದ್ದೇನೆ. ಆ ದಿನ ಅವಳ ಬಲಗಣ್ಣು ಮುಚ್ಚಿಸಿದ್ದೆನೇ, ಮುಚ್ಚಿಸಿದ್ದರೆ ಅವಳಿಗೆ ಆಗ ಏನು ಕಂಡಿತ್ತು, ನನಗೆ ಗೊತ್ತಿಲ್ಲ. ಅವಳ ಬಲಗಣ್ಣು ಉಳಿಯಿತೇ ಎಂಬುದೂ ಗೊತ್ತಿಲ್ಲ.